ಆಗಸ್ಟ್ ಪ್ರೈಮರಿಯಲ್ಲಿ ಯಾರಿಗೆ ಓಟು? ಮಿಶಿಗನ್‌ನಲ್ಲಿ ನಾನು ಅನುಸರಿಸುವ ಕ್ರಮ

ನಮ್ಮೂರಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂಬುದು ಹೈಕಮಾಂಡ್‌ಗೆ ಬಿಟ್ಟ ಮಾತು. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಅಮೆರಿಕದಲ್ಲಿ ಆ ಬಿ ಫಾರಂ ಕೊಡುವವರು ಮತದಾರರೇ, ಕೊಡುವ ದಿನ ಪ್ರೈಮರಿ. ಮಿಶಿಗನ್‌ನಲ್ಲಿ ಅದು ಸಮಸಂಖ್ಯೆಯ ವರ್ಷಗಳಲ್ಲಿ ಆಗಸ್ಟ್ ತಿಂಗಳ ಮೊದಮೊದಲಿಗೇ ಬರುತ್ತದೆ. 2026ರಲ್ಲಿ ಆಗಸ್ಟ್ 4. ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆಯ ನಮ್ಮ ಜನ ನವೆಂಬರ್ ಓಟು ತಪ್ಪಿಸುವುದಿಲ್ಲ, ಆಗಸ್ಟ್‌ನದನ್ನು ಬಿಟ್ಟುಬಿಡುತ್ತಾರೆ. ಒಂದೇ ಪಕ್ಷದ ಹಿಡಿತವಿರುವ ಕ್ಷೇತ್ರದಲ್ಲಿ ಗೆಲ್ಲುವವರು ಯಾರೆಂಬುದು ಆಗಸ್ಟ್‌ನಲ್ಲೇ ತೀರ್ಮಾನವಾಗಿರುತ್ತದೆ.

ಪ್ರೈಮರಿಯ ತೊಡಕು ಏನೆಂದರೆ ಸ್ಪರ್ಧಿಸುವವರೆಲ್ಲ ಒಂದೇ ಪಕ್ಷದವರು. ಅವರ ಜಾಲತಾಣಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಫೋಟೋ ಬಿಟ್ಟು ಬೇರೇನೂ ವ್ಯತ್ಯಾಸ ಕಾಣಿಸುವುದಿಲ್ಲ. ಹಾಗಾಗಿ ಅವರು ಹೇಳಿಕೊಂಡದ್ದನ್ನು ನಾನು ಕಡೆಗೆ ಓದುತ್ತೇನೆ. ಕಾನೂನಿನ ಪ್ರಕಾರ ಅವರು ಸಲ್ಲಿಸಲೇಬೇಕಾದ ಕಾಗದಪತ್ರ ಮೊದಲು.

ಅದಕ್ಕೂ ಮುಂಚೆ ಯಾವ ಪಕ್ಷದ ಪ್ರೈಮರಿ ಎಂದು ನಿರ್ಧಾರವಾಗಬೇಕು. ಮಿಶಿಗನ್‌ನಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ನೋಂದಣಿ ಇಲ್ಲ. ಆಗಸ್ಟ್ ಬ್ಯಾಲಟ್‌ನಲ್ಲಿ ಎರಡೂ ಪಕ್ಷಗಳ ಅಂಕಣಗಳು ಅಕ್ಕಪಕ್ಕ ಇರುತ್ತವೆ, ಒಂದರಲ್ಲಿ ಮಾತ್ರ ಗುರುತು ಹಾಕಬೇಕು. ಗವರ್ನರ್‌ಗೆ ಈ ಪಕ್ಷದವರು, ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆ ಪಕ್ಷದವರು ಎಂದು ಎರಡೂ ಕಡೆ ಹಾಕಿದರೆ ಪಕ್ಷದ ಭಾಗವೆಲ್ಲ ಅಸಿಂಧು. ಕೆಳಗಿನ ಪಕ್ಷರಹಿತ ಹುದ್ದೆಗಳು, ತೆರಿಗೆ ಪ್ರಸ್ತಾವಗಳು ಮಾತ್ರ ಎಣಿಕೆಗೆ ಬರುತ್ತವೆ. ಮತಗಟ್ಟೆಯ ಯಂತ್ರವಾದರೆ ಅಲ್ಲೇ ಎಚ್ಚರಿಸುತ್ತದೆ, ಹೊಸ ಬ್ಯಾಲಟ್ ಕೇಳಬಹುದು. ಅಂಚೆಯಲ್ಲಿ ಕಳಿಸಿದ್ದಕ್ಕೆ ಆ ಅವಕಾಶವಿಲ್ಲ. ನನ್ನ ಕ್ರಮ ಸರಳ: ಮಿಶಿಗನ್ ವೋಟರ್ ಇನ್ಫರ್ಮೇಶನ್ ಸೆಂಟರ್‌ನಲ್ಲಿ ಮಾದರಿ ಬ್ಯಾಲಟ್ ತೆಗೆದು ಎರಡೂ ಅಂಕಣ ನೋಡುತ್ತೇನೆ. ಒಂದರಲ್ಲಿ ಎಲ್ಲ ಹುದ್ದೆಗೂ ಒಬ್ಬೊಬ್ಬರೇ ಇದ್ದು ಇನ್ನೊಂದರಲ್ಲಿ ನಿಜವಾದ ಪೈಪೋಟಿ ಇದ್ದರೆ, ನನ್ನ ಓಟಿಗೆ ಬೆಲೆಯಿರುವುದು ಆ ಎರಡನೆಯದರಲ್ಲಿ.

ಗವರ್ನರ್, ಕಾಂಗ್ರೆಸ್‌ನಂಥ ಹುದ್ದೆಗಳಿಗೆ ಬ್ಯಾಲಟ್‌ನಲ್ಲಿ ಹೆಸರು ಬರಲು ಮತದಾರರ ಸಹಿ ಸಂಗ್ರಹಿಸಬೇಕು, ಸಂಘಟನೆಯ ಮೊದಲ ಪರೀಕ್ಷೆ ಅದೇ. 2022ರ ಗವರ್ನರ್ ಚುನಾವಣೆಗೆ 15,000 ಸಿಂಧು ಸಹಿ ಬೇಕಿತ್ತು. ಕೂಲಿಗೆ ಸಹಿ ಮಾಡಿಸುವವರು ನಕಲಿ ಸಹಿ ತುಂಬಿದ್ದರಿಂದ ರಿಪಬ್ಲಿಕನ್ ಪಕ್ಷದ ಐದು ಮಂದಿ ಹೊರಬಿದ್ದರು, ಮುಂಚೂಣಿಯಲ್ಲಿದ್ದ ಜೇಮ್ಸ್ ಕ್ರೇಗ್ ಮತ್ತು ಪೆರಿ ಜಾನ್ಸನ್ ಸೇರಿ. 2024ರಲ್ಲಿ 13ನೇ ಕಾಂಗ್ರೆಸ್ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಗೆ ನಿಂತ ಆ್ಯಡಮ್ ಹೋಲಿಯರ್‌ಗೆ ಬೇಕಿದ್ದದ್ದು 1,000 ಸಹಿ. ಚುನಾವಣೆ ನೋಡಿಕೊಳ್ಳುವ ಕೌಂಟಿ ಅಧಿಕಾರಿ, ಅಂದರೆ ಕೌಂಟಿ ಕ್ಲರ್ಕ್, ಲೆಕ್ಕಕ್ಕೆ ನಿಂತದ್ದು 863. ಹೀಗಾಗಿ ಸಹಿಗಳ ವಿರುದ್ಧ ತಕರಾರು ಇತ್ಯರ್ಥವಾಗುವವರೆಗೆ ನಾನು ಯಾರಿಗೂ ದೇಣಿಗೆ ಬರೆಯುವುದಿಲ್ಲ.

ಇನ್ನು ದುಡ್ಡು. ಹೆಚ್ಚು ಹೊತ್ತು ಕೂರುವುದು ಇಲ್ಲಿಯೇ. ಕಾಂಗ್ರೆಸ್, ಸೆನೆಟ್ ಅಭ್ಯರ್ಥಿಗಳ ಲೆಕ್ಕ ಫೆಡರಲ್ ಎಲೆಕ್ಷನ್ ಕಮಿಷನ್, ಅಂದರೆ ಎಫ್‌ಇಸಿ ಜಾಲತಾಣದಲ್ಲಿ ಸಿಗುತ್ತದೆ. ಪತ್ರಿಕೆಗಳು 'ಕೈಯಲ್ಲಿರುವ ಹಣ' ಎಂಬ ಒಂದೇ ಅಂಕಿಯನ್ನು ಎತ್ತಿ ಹೇಳುತ್ತವೆ, ಅದು ದಾರಿ ತಪ್ಪಿಸುತ್ತದೆ. 2025–26ರಲ್ಲಿ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ 3,500 ಡಾಲರ್ ಕೊಡಬಹುದು. ಪ್ರೈಮರಿ ಒಂದು, ನವೆಂಬರ್ ಇನ್ನೊಂದು. ಯಾರಾದರೂ ಒಟ್ಟಿಗೆ 7,000 ಕೊಟ್ಟಿದ್ದರೆ ಅದರ ಅರ್ಧವನ್ನು ಪ್ರೈಮರಿ ಖರ್ಚಿಗೆ ಮುಟ್ಟುವಂತಿಲ್ಲ. ದೊಡ್ಡ ಚೆಕ್‌ಗಳನ್ನೇ ನಂಬಿದ ಅಭ್ಯರ್ಥಿಯ ಖಜಾನೆ ಕಂಡಷ್ಟು ತುಂಬಿರುವುದಿಲ್ಲ. ವರದಿಯ ವಿವರಪಟ್ಟಿಯಲ್ಲಿ ದಾನಿಯ ಹೆಸರಿನೊಂದಿಗೆ ಆ ಹಣ ಪ್ರೈಮರಿಗೋ ನವೆಂಬರ್‌ನ ಜನರಲ್ ಚುನಾವಣೆಗೋ ಎಂದೂ ನಮೂದಾಗಿರುತ್ತದೆ, ಕೂಡಿಕೊಳ್ಳಬೇಕು ಅಷ್ಟೆ.

ಆಮೇಲೆ 'ಅಭ್ಯರ್ಥಿಯೇ ಕೊಟ್ಟ ಸಾಲ' ಎಂಬ ಸಾಲು. ಸ್ವಂತ ದುಡ್ಡು ಹಾಕುವುದು ತಪ್ಪೇನಲ್ಲ. ಆದರೆ ದಾನವೋ ಸಾಲವೋ ನೋಡಿ. ಚುನಾವಣೆ ಮುಗಿದ ಮೇಲೆ ಬಂದ ದೇಣಿಗೆಯಿಂದ 2,50,000 ಡಾಲರ್‌ಗಿಂತ ಹೆಚ್ಚು ಸಾಲ ತೀರಿಸಿಕೊಳ್ಳಬಾರದೆಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತೆಗೆದುಹಾಕಿತು. ಗೆದ್ದ ಮೇಲೆ ಬರುವ ದೇಣಿಗೆ ಅಭ್ಯರ್ಥಿಯ ಜೇಬಿಗೇ ವಾಪಸ್ ಹೋಗಬಹುದು. ಆಗ ಕೊಡುವವರು ಯಾರು ಎಂಬುದು ನನಗೆ ಮುಖ್ಯ.

ಟಿವಿಯಲ್ಲಿ, ಅಂಚೆಪೆಟ್ಟಿಗೆಯಲ್ಲಿ ಬರುವ ಪ್ರಚಾರದಲ್ಲಿ ಎಷ್ಟೋ ಅಭ್ಯರ್ಥಿಯದೇ ಅಲ್ಲ. ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಹಣ ಕೊಟ್ಟವರ ಹೆಸರಿರುತ್ತದೆ, 'ಯಾವ ಅಭ್ಯರ್ಥಿಯ ಒಪ್ಪಿಗೆಯೂ ಇಲ್ಲ' ಎಂಬ ಸಾಲಿದ್ದರೆ ಅದು ಹೊರಗಿನ ಗುಂಪು. ಆ ಹೆಸರನ್ನು ಎಫ್‌ಇಸಿಯಲ್ಲಿ ಹಾಕಿ ಹುಡುಕುತ್ತೇನೆ. 2022ರಲ್ಲಿ ಕ್ಷೇತ್ರ ಮರುವಿಂಗಡಣೆಯಿಂದ 11ನೇ ಕ್ಷೇತ್ರದಲ್ಲಿ ಇಬ್ಬರು ಹಾಲಿ ಸದಸ್ಯರೇ ಎದುರುಬದುರಾದಾಗ, ಹೇಲಿ ಸ್ಟೀವನ್ಸ್ ಪರವಾಗಿ ಇಸ್ರೇಲ್ ಪರ ಲಾಬಿ ಐಪ್ಯಾಕ್‌ನ ಸೂಪರ್ ಪ್ಯಾಕ್ (ಮಿತಿಯಿಲ್ಲದೆ ಖರ್ಚು ಮಾಡಬಲ್ಲ ಹೊರಗಿನ ಗುಂಪು) ಒಂದೇ 40 ಲಕ್ಷ ಡಾಲರ್‌ಗೂ ಹೆಚ್ಚು ಸುರಿಯಿತು. ಆ್ಯಂಡಿ ಲೆವಿನ್ ಸೋತರು. ಅದೇ ತಿಂಗಳು ಗ್ರ್ಯಾಂಡ್ ರ್‍ಯಾಪಿಡ್ಸ್‌ನ 3ನೇ ಕ್ಷೇತ್ರದಲ್ಲಿ ಇದಕ್ಕಿಂತ ವಿಚಿತ್ರ. ರಿಪಬ್ಲಿಕನ್ ಪ್ರೈಮರಿಯಲ್ಲಿ ಜಾನ್ ಗಿಬ್ಸ್ 'ತೀರಾ ಸಂಪ್ರದಾಯವಾದಿ' ಎಂದು ಸಾರುವ ಜಾಹೀರಾತಿಗೆ 4 ಲಕ್ಷ ಡಾಲರ್‌ಗೂ ಮಿಕ್ಕಿ ಕೊಟ್ಟದ್ದು ಡೆಮಾಕ್ರಟಿಕ್ ಪಕ್ಷದ ಕಾಂಗ್ರೆಸ್ ಪ್ರಚಾರ ಸಮಿತಿ. ರಿಪಬ್ಲಿಕನ್ ಮತದಾರರಿಗೆ ಅದು ಬೈಗುಳವಲ್ಲ, ಹೊಗಳಿಕೆ. ಗಿಬ್ಸ್ ಗೆದ್ದರು, ಹಾಲಿ ಸದಸ್ಯ ಪೀಟರ್ ಮೈಯರ್ ಸೋತರು, ನವೆಂಬರ್‌ನಲ್ಲಿ ಸೀಟು ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕೋಲ್ಟನ್‌ಗೆ ಹೋಯಿತು. ಬೈಯುವ ಜಾಹೀರಾತು ಕಂಡರೆ ಬೈಸಿದವರು ಯಾರು ಎಂದು ಮೊದಲು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದಿನಾಂಕಗಳೂ ಲೆಕ್ಕಕ್ಕೆ ಬರುತ್ತವೆ. ಅಂಚೆ ಬ್ಯಾಲಟ್ ಚುನಾವಣೆಗೆ 40 ದಿನ ಮೊದಲೇ ಸಿಗುತ್ತದೆ, ಅಂದರೆ 2026ರಲ್ಲಿ ಜೂನ್ 25ರಿಂದ. ಎರಡನೇ ತ್ರೈಮಾಸಿಕದ ಲೆಕ್ಕ ಬರುವುದು ಜುಲೈ 15ಕ್ಕೆ, ಪ್ರೈಮರಿ ಪೂರ್ವ ವರದಿ ಜುಲೈ 23ಕ್ಕೆ. ಬಂದ ದಿನವೇ ತುಂಬಿ ಕಳಿಸಿದವರು ಇವೆರಡನ್ನೂ ನೋಡದೆ ಓಟು ಹಾಕಿರುತ್ತಾರೆ. ಕೊನೆಯ ದಿನಗಳಲ್ಲಿ ಹುಟ್ಟಿಕೊಳ್ಳುವ ಗುಂಪುಗಳ ಖರ್ಚು 24 ಗಂಟೆಯಲ್ಲಿ ವರದಿಯಾದರೂ, ಅವರಿಗೆ ದುಡ್ಡು ಕೊಟ್ಟವರ ಹೆಸರು ಎಷ್ಟೋ ಸಲ ಫಲಿತಾಂಶದ ನಂತರವೇ ಬರುತ್ತದೆ. ದಾನಿ ಯಾರೆಂದು ತಿಳಿಯದ ಜಾಹೀರಾತು ನನ್ನ ಲೆಕ್ಕದಲ್ಲಿ ಸೊನ್ನೆ. ಪರವೂ ಅಲ್ಲ, ವಿರೋಧವೂ ಅಲ್ಲ.

ಹಿಂದೆ ಹುದ್ದೆಯಲ್ಲಿದ್ದವರಾದರೆ ಮತದಾನದ ದಾಖಲೆ ನೋಡಲು ಒಂದೇ ವಿಷಯ ಹಿಡಿದುಕೊಳ್ಳಿ, ಹತ್ತು ಬೇಡ. ನಮ್ಮವರಲ್ಲಿ ಹೆಚ್ಚಿನವರಿಗೆ ಅದು ಗ್ರೀನ್ ಕಾರ್ಡ್ ಕ್ಯೂ. ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯನ್ನು ಉದ್ಯೋಗಾಧಾರಿತ ವೀಸಾಗಳಿಗೆ ತೆಗೆಯುವ ಎಚ್.ಆರ್. 1044 ಮಸೂದೆ 2019ರ ಜುಲೈ 10ರಂದು ಕೆಳಮನೆಯಲ್ಲಿ 365–65ರಿಂದ ಗೆದ್ದಿತು, ಆದರೆ ಕಾನೂನಾಗಲಿಲ್ಲ. ಅಷ್ಟು ಬಹುಮತವಿದ್ದಾಗ 'ಪರವಾಗಿ ಮತ ಹಾಕಿದೆ' ಎನ್ನುವುದು ಸುಲಭ. ಸಹಪ್ರಾಯೋಜಕರ ಪಟ್ಟಿಯಲ್ಲಿ ಹೆಸರಿದೆಯೇ, ಯಾವ ದಿನಾಂಕಕ್ಕೆ ಸೇರಿದ್ದು ಎಂದು ಕಾಂಗ್ರೆಸ್ ಜಾಲತಾಣದಲ್ಲಿ ತೋರಿಸುತ್ತದೆ. ಮೊದಲ ವಾರದಲ್ಲೇ ಸೇರಿದವರಿಗೂ ಮತದಾನದ ಹಿಂದಿನ ದಿನ ಸೇರಿದವರಿಗೂ ವ್ಯತ್ಯಾಸವಿದೆ. ಬೆಂಬಲ ಘೋಷಣೆಗಳಿಗೆ ನಾನು ಅಷ್ಟು ತೂಕ ಕೊಡುವುದಿಲ್ಲ. ಕಾರ್ಮಿಕ ಸಂಘವೋ ಬೇರೆ ಸಂಸ್ಥೆಯೋ ಬೆಂಬಲಿಸುವ ಮುಂಚೆ ಅಭ್ಯರ್ಥಿಯಿಂದ ತುಂಬಿಸಿಕೊಂಡ ಪ್ರಶ್ನಾವಳಿ ಸಿಕ್ಕರೆ ಓದುತ್ತೇನೆ, ಅಲ್ಲಿ ಹೌದು–ಅಲ್ಲ ಎಂದು ಬರೆದುಕೊಟ್ಟಿರುತ್ತಾರೆ.

ಕಡೆಗೆ ಗೆಲುವಿನ ಲೆಕ್ಕ. ಮಿಶಿಗನ್ ಪ್ರೈಮರಿಯಲ್ಲಿ ಎರಡನೇ ಸುತ್ತಿಲ್ಲ, ಅರ್ಧಕ್ಕಿಂತ ಹೆಚ್ಚು ಬೇಕೆಂಬ ನಿಯಮವೂ ಇಲ್ಲ. 2022ರಲ್ಲಿ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿ ನಿಂತಿದ್ದರು. ಸುಮಾರು ಶೇ 28 ಮತ ಪಡೆದ ಶ್ರೀ ಥಾನೇದಾರ್ ಗೆದ್ದು ಕಾಂಗ್ರೆಸ್‌ಗೆ ಹೋದರು. ಅವರು ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. 'ನಮ್ಮ ಕಡೆಯವರು' ಎಂಬ ವಾಟ್ಸಾಪ್ ಸಂದೇಶಕ್ಕೆ ನನ್ನ ಉತ್ತರ ಒಂದೇ: ಕಡತ ತೆಗೆದು ನೋಡಲು ಅದು ಕಾರಣ, ಓಟಿಗಲ್ಲ. ಕಣದಲ್ಲಿ ತುಂಬ ಜನ ಇದ್ದರೆ ನನಗೆ ಒಪ್ಪಿಗೆಯಾಗುವ ಇಬ್ಬರು ಮೂವರನ್ನು ಮೊದಲು ಆರಿಸುತ್ತೇನೆ, ಆಮೇಲೆ ಜುಲೈ ವರದಿಯಲ್ಲಿ ಸಿಬ್ಬಂದಿ ಸಂಬಳ, ಅಂಚೆ, ಮನೆಮನೆ ಭೇಟಿಗೆ ಖರ್ಚು ಮಾಡುತ್ತಿರುವವರು ಯಾರೆಂದು ನೋಡಿ ಅವರಲ್ಲಿ ಒಬ್ಬರಿಗೆ ಇಳಿಯುತ್ತೇನೆ. ಸಲಹೆಗಾರರಿಗೇ ದುಡ್ಡು ಸುರಿದವರು ಸಾಮಾನ್ಯವಾಗಿ ಹಿಂದೆ ಬೀಳುತ್ತಾರೆ.

ಅಧ್ಯಕ್ಷೀಯ ಪ್ರೈಮರಿ ಬೇರೆಯದೇ ಆಟ. ಅಲ್ಲಿ ಯಾವ ಪಕ್ಷದ ಬ್ಯಾಲಟ್ ಎಂದು ಬರೆದು ಕೇಳಬೇಕು. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15ರ ಗೆರೆ ದಾಟದವರಿಗೆ, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳೇ ಸಿಗುವುದಿಲ್ಲ. 2020ರಲ್ಲಿ ಮಿಶಿಗನ್ ಮತದಾನ ಮಾರ್ಚ್ 10ಕ್ಕಿತ್ತು. ಅದಕ್ಕೆ ಹತ್ತು ದಿನವೂ ಇಲ್ಲದಾಗ ಬುಟಿಜಜ್, ಕ್ಲೋಬಶಾರ್, ಬ್ಲೂಮ್‌ಬರ್ಗ್, ವಾರೆನ್ ಒಬ್ಬೊಬ್ಬರಾಗಿ ಕಣ ಬಿಟ್ಟರು. ಇವರ ಹೆಸರಿಗೆ ಗುರುತು ಮಾಡಿ ಮೊದಲೇ ಅಂಚೆಗೆ ಹಾಕಿದ್ದವರ ಓಟು ಕಣದಲ್ಲಿಲ್ಲದವರಿಗೆ ಹೋಯಿತು.

ಪೌರತ್ವ ಆಗದವರು ಮನಸ್ಸಿನಲ್ಲಿಡಬೇಕಾದದ್ದು: ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಓಟು ಹಾಕುವಂತಿಲ್ಲ. ಎಚ್-1ಬಿಯವರು ದೇಣಿಗೆಯನ್ನೂ ಕೊಡುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೌಂಟರ್‌ನಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಸುಮ್ಮನೆ ಗುರುತು ಹಾಕಿದರೆ ಮುಂದೆ ಪೌರತ್ವದ ಅರ್ಜಿಗೇ ಕುತ್ತು.

ಅಂಚೆ ಬ್ಯಾಲಟ್ ನಿಮ್ಮ ಊರಿನ ಕ್ಲರ್ಕ್ ಕಚೇರಿಯನ್ನು ಚುನಾವಣೆಯ ದಿನ ರಾತ್ರಿ 8ರೊಳಗೆ ತಲುಪಬೇಕು. ಜುಲೈ ಕೊನೆಗೆ ತುಂಬಿದರೆ ಅಂಚೆ ಬೇಡ, ನಿಮ್ಮ ಊರಿನ ಡ್ರಾಪ್ ಬಾಕ್ಸ್‌ಗೇ ಹಾಕಿ. ಹೊರ ಲಕೋಟೆಯ ಮೇಲಿನ ಸಹಿ ದಾಖಲೆಯ ಸಹಿಗೆ ಹೊಂದಬೇಕು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರದೂ ಬಂದಾಗ ಲಕೋಟೆ ಅದಲುಬದಲಾಗುವುದು ತೀರಾ ಸಾಮಾನ್ಯ. ಸಹಿ ಹಾಕುವ ಮುನ್ನ ಮೇಲಿನ ಹೆಸರು ಓದಿ.