ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ

ಕೆಸರು ತುಂಬಿದ ಬಾವಿಗೆ ನೇರ ಪುಡಿ ಸುರಿದರೆ ದಂಡ. ಪುಡಿಯಲ್ಲಿರುವ, ರೋಗಾಣು ಕೊಲ್ಲುವ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗುತ್ತದೆ. ಮೊದಲು ಪಂಪ್ ಹಾಕಿ ರಾಡಿ ನೀರು ತೆಗೆದು, ತಿಳಿನೀರು ಊರುವವರೆಗೆ ಕಾಯಿರಿ.

ದುಂಡು ಬಾವಿಯ ಅಗಲ × ಅಗಲ × ನೀರಿನ ಆಳ (ಎಲ್ಲ ಮೀಟರಿನಲ್ಲಿ) × 785 ಮಾಡಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ 24 ಗ್ರಾಂ ಪುಡಿ ಬೇಕು. ನೆರೆ ನುಗ್ಗಿದ ಬಾವಿಗೆ ದುಪ್ಪಟ್ಟು ಹಾಕುವುದೇ ವಾಸಿ. ಗಂಟುಗಟ್ಟಿ ಘಾಟು ಹೋದ ಹಳೇ ಪುಡಿ ಬರೀ ಸುಣ್ಣ, ಬಿಸಾಡಿ.

ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ, ಮುಕ್ಕಾಲು ನೀರು ತುಂಬಿ, 10 ನಿಮಿಷ ಬಿಡಿ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗಿಳಿಸಿ, ಮೇಲೆ ಕೆಳಗೆ ಜಗ್ಗಿ. ತಳದ ಗಸಿ ಬಾವಿಗೆ ಬೇಡ, ನೀರು ಗಡುಸಾಗುತ್ತದೆ. ಒಂದು ಗಂಟೆ ನೀರು ಸೇದಬೇಡಿ. ಆಮೇಲೂ ಕುಡಿಯುವ ನೀರನ್ನು ಕುದಿಸಿ.