ಕ್ವಿನೈನ್ ಮಾತ್ರೆಯ ಪ್ರತಿದೀಪ್ತಿ ಅಳತೆ ಕಡಿಮೆ ಬರುತ್ತಿತ್ತು: ನನ್ನ ಅನುಭವ

ಶಿವಮೊಗ್ಗದ ನಮ್ಮ ಪ್ರಯೋಗಾಲಯದಲ್ಲಿ 300 ಮಿ.ಗ್ರಾಂ ಕ್ವಿನೈನ್ ಸಲ್ಫೇಟ್ (ಮಲೇರಿಯಾ ಔಷಧ) ಮಾತ್ರೆಯನ್ನು ಫ್ಲೋರಿಮೀಟರಿನಲ್ಲಿ, ಅಂದರೆ ಪ್ರತಿದೀಪ್ತಿಯನ್ನು (ಬೆಳಕು ಬಿದ್ದಾಗ ವಸ್ತು ತಾನೇ ಹೊರಸೂಸುವ ಬೆಳಕನ್ನು) ಅಳೆಯುವ ಉಪಕರಣದಲ್ಲಿ, ಅಳೆದರೆ ಉತ್ತರ 30 ಮಿ.ಗ್ರಾಂ ಕೂಡ ದಾಟುತ್ತಿರಲಿಲ್ಲ.

ಮಳೆಗಾಲದ ತೇವದಿಂದ ಕ್ಯುವೆಟ್ (ದ್ರಾವಣ ತುಂಬುವ ಪಾರದರ್ಶಕ ಪುಟ್ಟ ಪಾತ್ರೆ) ಮಂಜಾಗಿದೆಯೆಂದು ಒರೆಸಿ ನೋಡಿದೆ. ದೀಪ ಬದಲಿಸಿದೆ. ಹೊಸ ಪ್ರಮಾಣ ದ್ರಾವಣ (ಹೋಲಿಕೆಗಾಗಿ ಔಷಧದ ಗೊತ್ತಿರುವ ಪ್ರಮಾಣವಿರುವ ದ್ರಾವಣ) ತಯಾರಿಸಿದೆ. ಮಾತ್ರೆಯ ಪುಡಿಯನ್ನು ಒಂದು ಗಂಟೆ ಅಲುಗಾಡಿಸಿದೆ. ಯಾವುದೂ ಫಲಿಸಲಿಲ್ಲ.

ಅದೇ ಮಾತ್ರೆಯ ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ನೇರಳಾತೀತ (ಯುವಿ) ಬೆಳಕಿನಲ್ಲಿ ನೋಡಿದಾಗ ಔಷಧ ಪೂರ್ತಿ ಇತ್ತು. ಅಂದರೆ ಔಷಧವಿದೆ, ಬೆಳಕು ಮಾತ್ರ ನಂದುತ್ತಿದೆ. ಪ್ರಮಾಣ ದ್ರಾವಣಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದೆ. ಉಪಕರಣದ ಅಳತೆ ತಕ್ಷಣ ಕುಸಿಯಿತು. ಉಪ್ಪಿನಲ್ಲೂ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಇರುವ ಕ್ಲೋರೈಡ್ ಕ್ವಿನೈನಿನ ಪ್ರತಿದೀಪ್ತಿಯನ್ನು ನಂದಿಸುತ್ತದೆ. ನಾನು ಪ್ರಮಾಣ ದ್ರಾವಣವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ, ಮಾತ್ರೆಯ ದ್ರಾವಣವನ್ನು 0.1 ನಾರ್ಮಲ್ (ಆಮ್ಲದ ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಯಾರಿಸುತ್ತಿದ್ದೆ.

ಈಗಿನ ಕ್ರಮ: 20 ಮಾತ್ರೆಗಳನ್ನು ತೂಗಿ ಪುಡಿ ಮಾಡಿ, 100 ಮಿ.ಗ್ರಾಂ ಕ್ವಿನೈನ್ ಸಲ್ಫೇಟಿಗೆ ಸಮನಾದ ಪುಡಿಯನ್ನು 0.1 ನಾರ್ಮಲ್ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ 100 ಮಿ.ಲೀ.ಗೆ ತರಬೇಕು. ಸೋಸಿ, ಮೊದಲ ಕೆಲವು ಮಿ.ಲೀ. ಚೆಲ್ಲಬೇಕು. ಅದರಲ್ಲಿ 1 ಮಿ.ಲೀ.ಯನ್ನು 100ಕ್ಕೆ, ಮತ್ತೆ ಅದರಿಂದ 5 ಮಿ.ಲೀ.ಯನ್ನು 100ಕ್ಕೆ ತೆಳುಗೊಳಿಸಬೇಕು. ಎರಡೂ ಸಲ ಅದೇ ಆಮ್ಲದಿಂದ. ಕೊನೆಗೆ ಮಿ.ಲೀ.ಗೆ 0.5 ಮೈಕ್ರೋಗ್ರಾಂ ಉಳಿಯುತ್ತದೆ. ಪ್ರಮಾಣ ದ್ರಾವಣಗಳು ಮಿ.ಲೀ.ಗೆ 0.1ರಿಂದ 1 ಮೈಕ್ರೋಗ್ರಾಂವರೆಗೆ. ಇದಕ್ಕಿಂತ ಬಹಳ ಗಟ್ಟಿ ದ್ರಾವಣವಾದರೆ ಔಷಧವೇ ಬೆಳಕನ್ನು ಹೀರಿಕೊಂಡು, ಸಾಂದ್ರತೆಗೆ ಎದುರಾಗಿ ಅಳತೆಯನ್ನು ತೋರಿಸುವ ನೇರ ರೇಖೆ ಬಾಗುತ್ತದೆ. ತರಂಗಾಂತರ: ಉದ್ದೀಪನ (ಹಾಯಿಸುವ ಬೆಳಕು) 350, ಹೊರಸೂಸುವಿಕೆ (ಅಳೆಯುವ ಬೆಳಕು) 450 ನ್ಯಾನೋಮೀಟರ್. ಔಷಧವಿಲ್ಲದ ಬರೀ ಆಮ್ಲದ ಅಳತೆಯನ್ನು ಕಳೆಯಲೇಬೇಕು. ಗಾಜಿನ ಪಾತ್ರೆಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದಿದ್ದರೆ ಬಟ್ಟಿ ಇಳಿಸಿದ ನೀರಿನಿಂದ ಹಲವು ಬಾರಿ ಜಾಲಿಸಿ.