ನಾಗರಿಕ ಹಕ್ಕುಗಳ ಸಂಸ್ಥೆಯ ಹಳೆಯ ಕಡತಗಳನ್ನು ಕಾಪಿಡುವ ಬಗೆ

ನಾಗರಿಕ ಹಕ್ಕುಗಳಿಗಾಗಿ ದುಡಿದ ಸಂಸ್ಥೆಯೊಂದರ ಬೀರುವಿನಲ್ಲಿ ಉಳಿದಿರುವ ದೂರಿನ ಪತ್ರವು, ನಡೆದ ಅನ್ಯಾಯಕ್ಕೆ ಇರುವ ಏಕೈಕ ಲಿಖಿತ ಸಾಕ್ಷಿಯಾಗಿರಬಹುದು. ಆದ್ದರಿಂದ ಆರಂಭದಲ್ಲಿ ಯಾವ ಕಾಗದವನ್ನೂ ಎಸೆಯಬಾರದು, ಯಾವ ಕಟ್ಟನ್ನೂ ಬಿಚ್ಚಿ ವಿಷಯವಾರು ಮರುಜೋಡಿಸಬಾರದು. ಯಾವ ಬೀರುವಿನಲ್ಲಿ ಯಾವ ವರ್ಷಗಳ ಕಡತಗಳಿವೆ ಎಂಬ ಪಟ್ಟಿಯನ್ನಷ್ಟೇ ಮೊದಲು ಸಿದ್ಧಪಡಿಸಿ. ದೂರು, ಅದರ ಅಂಚಿನಲ್ಲಿ ಕಾರ್ಯದರ್ಶಿ ಬರೆದ ಷರಾ, ವಕೀಲರಿಗೆ ಹೋದ ಪತ್ರದ ಕಾರ್ಬನ್ ಪ್ರತಿ, ಸಭೆಯ ನಡವಳಿ ಇವೆಲ್ಲ ಮೂಲ ಕ್ರಮದಲ್ಲೇ ಒಂದರ ಹಿಂದೊಂದು ಇದ್ದಾಗ ಮಾತ್ರ ಸಂಸ್ಥೆ ಏನನ್ನು ನಿರ್ಧರಿಸಿತು, ಎಲ್ಲಿ ತಡಮಾಡಿತು ಎಂಬುದು ಮುಂದೆ ಓದುವವರಿಗೆ ತಿಳಿಯುತ್ತದೆ.

ಕಡತವನ್ನು ಬಿಡಿಸುವಾಗ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ತುಕ್ಕು ಹಿಡಿದ ಗುಂಡುಪಿನ್ನು ಕಾಗದಕ್ಕೆ ಅಂಟಿಕೊಂಡಿದ್ದು, ಸುತ್ತ ಕಂದು ಕಲೆ ಹರಡಿದ್ದರೆ ಅದನ್ನು ಎಳೆಯದೆ, ಪಿನ್ನಿನ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ತೂರಿಸಿ ಮೆಲ್ಲನೆ ಸಡಿಲಿಸಿ. ಪತ್ರದೊಂದಿಗಿರುವ ಲಕೋಟೆಯನ್ನು ಖಂಡಿತ ಬಿಸಾಡಬೇಡಿ. ಪತ್ರದಲ್ಲಿ ದಿನಾಂಕವಿಲ್ಲದಿದ್ದರೂ ಅಂಚೆ ಮುದ್ರೆಯಲ್ಲಿ ಇದ್ದೀತು. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಿದರೆ ಅದರ ಅಂಟೇ ಮುಂದೆ ಕಾಗದವನ್ನು ಹಾಳುಮಾಡುತ್ತದೆ. ಪತ್ರಿಕಾ ತುಣುಕುಗಳು ತಮ್ಮ ಆಮ್ಲದಿಂದ ಪಕ್ಕದ ಹಾಳೆಗಳನ್ನೂ ಕೆಡಿಸುವುದರಿಂದ ಅವುಗಳನ್ನು ಬೇರೆಯಾಗಿಟ್ಟು, ಆ ಜಾಗದಲ್ಲಿ ಆಮ್ಲರಹಿತ ಕಾಗದದ ನಕಲನ್ನು ಇರಿಸಿ. ಹಳೆಯ ಫ್ಯಾಕ್ಸ್‌ನ ಥರ್ಮಲ್ ಕಾಗದದ ಅಕ್ಷರಗಳು ಮಾಸಿಹೋಗುತ್ತವೆ, ಹಾಗಾಗಿ ನಕಲು ಮಾಡುವಾಗ ಅವುಗಳದೇ ಮೊದಲ ಸರದಿ. ಬೂಷ್ಟು ಹಿಡಿದ ಕಟ್ಟುಗಳನ್ನು ಉಳಿದವುಗಳಿಂದ ದೂರವಿಡಿ.

ಆಮ್ಲರಹಿತ ಪೆಟ್ಟಿಗೆಗಳನ್ನು ನೆಲದಿಂದ ಎತ್ತರದಲ್ಲಿ, ನೀರಿನ ಕೊಳವೆಗಳಿಂದ ದೂರದಲ್ಲಿ ಜೋಡಿಸಿ. ತಾಪಮಾನ, ತೇವಾಂಶ ದಿನವೂ ಏರಿಳಿಯದಂತೆ ನೋಡಿಕೊಳ್ಳುವುದು ಮುಖ್ಯ, ತೇವಾಂಶ ಶೇ. 65 ದಾಟಿದರೆ ಬೂಷ್ಟಿಗೆ ದಾರಿಯಾಗುತ್ತದೆ. ಫೋಟೋಗಳಿಗೆ ಪಿವಿಸಿ ಚೀಲ ಸಲ್ಲದು, ಪಾಲಿಯೆಸ್ಟರ್‌ನದು ಆಗಬಹುದು.

ಸ್ಕ್ಯಾನ್ ಮಾಡಿದ ಕಡತಗಳ 3 ಪ್ರತಿಗಳನ್ನು 2 ಬಗೆಯ ಸಾಧನಗಳಲ್ಲಿ ಇಟ್ಟು, ಒಂದು ಪ್ರತಿಯನ್ನು ಬೇರೊಂದು ಸ್ಥಳದಲ್ಲಿರಿಸಿ. ಸ್ಕ್ಯಾನ್ ಆಯಿತೆಂದು ಮೂಲಪ್ರತಿಯನ್ನು ನಾಶಮಾಡುವುದನ್ನು ನಾನಂತೂ ಒಪ್ಪಲಾರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೆಸರುಗಳ ವಿಷಯದಲ್ಲಿ. ನಂಬಿಕೆಯಿಂದ ದೂರು ಕೊಟ್ಟವರ, ಸಾಕ್ಷಿ ಹೇಳಿದವರ ವಿಳಾಸ ಹೊರಬಿದ್ದರೆ ಅವರಿಗೂ ಅವರ ಮಕ್ಕಳಿಗೂ ಇಂದಿಗೂ ತೊಂದರೆಯಾದೀತು. ಅಂಥ ಕಡತಗಳನ್ನು ಗುರುತಿಸಿ, ಎಷ್ಟು ವರ್ಷ ಮುಚ್ಚಿಡಬೇಕೆಂದು ಆಡಳಿತ ಮಂಡಳಿಯಿಂದ ಲಿಖಿತ ನಿರ್ಣಯ ಪಡೆಯಿರಿ.

ಸಂಗ್ರಹವನ್ನು ತಾನೇ ನೋಡಿಕೊಳ್ಳುವ ಶಕ್ತಿ ಸಂಸ್ಥೆಗೆ ಇಲ್ಲದಿದ್ದರೆ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಒಪ್ಪಿಸುವುದು ಲೇಸು. 1909ರಲ್ಲಿ ಅಮೆರಿಕದಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಲು ಸ್ಥಾಪನೆಯಾದ ಎನ್‌ಎಎಸಿಪಿಯ ದಾಖಲೆಗಳು 1964ರಿಂದ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸೇರುತ್ತ ಬಂದಿದ್ದು, ಇಂದಿಗೂ ಸಂಶೋಧಕರಿಗೆ ಒದಗುತ್ತಿವೆ. ಒಪ್ಪಿಸುವ ಮುನ್ನ ದಾನಪತ್ರದಲ್ಲಿ ಒಡೆತನ, ಹಕ್ಕುಸ್ವಾಮ್ಯ, ಮುಚ್ಚಿಡಬೇಕಾದ ಕಡತಗಳ ಅವಧಿ ಈ ಮೂರನ್ನೂ ಸ್ಪಷ್ಟವಾಗಿ ಬರೆಸಿ, ಕಡತಗಳ ಪಟ್ಟಿಯ ಒಂದು ಪ್ರತಿಯನ್ನು ಸಂಸ್ಥೆಯ ಕಚೇರಿಯಲ್ಲೇ ಉಳಿಸಿಕೊಳ್ಳಿ.